ಅಂಬರನಾಥದ ಇಂಧನ ಕೋಶ: ಸ್ವದೇಶಿ ಯುದ್ಧೋಪಕರಣ ತಡವಾಗುವುದೇಕೆ?

ಹೊರದೇಶದಿಂದ ಕೊಂಡರೆ ಕೆಲವೇ ವರ್ಷಗಳಲ್ಲಿ ಕೈಸೇರುವ ಯುದ್ಧೋಪಕರಣವನ್ನು ನಾವೇ ತಯಾರಿಸಲು ಹೊರಟಾಗ ದಶಕಗಳೇ ಏಕೆ ಹಿಡಿಯುತ್ತವೆ ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರವನ್ನು ಠಾಣೆ ಜಿಲ್ಲೆಯ ಒಂದು ಪ್ರಯೋಗಾಲಯದ ಅನುಭವದಲ್ಲಿ ಕಾಣಬಹುದು. ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ನೆರೆಯ ಅಂಬರನಾಥವೆಂದೊಡನೆ ಶಿಲಾಹಾರರ ಕಾಲದ ಶಿವಾಲಯ ನೆನಪಾಗಬಹುದು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದ ನೌಕಾ ಸಾಮಗ್ರಿ ಸಂಶೋಧನಾ ಪ್ರಯೋಗಾಲಯ ಇರುವುದೂ ಅದೇ ಊರಿನಲ್ಲಿ.

ಡೀಸೆಲ್ ಜಲಾಂತರ್ಗಾಮಿಯು ನೀರಿನೊಳಗೆ ಬ್ಯಾಟರಿಯ ಬಲದಿಂದ ಚಲಿಸುತ್ತದೆ. ಬ್ಯಾಟರಿ ಬರಿದಾದಂತೆ ಅದು ಮೇಲ್ಮೈಯ ಸಮೀಪಕ್ಕೆ ಬಂದು, ಗಾಳಿ ಎಳೆದುಕೊಂಡು ಎಂಜಿನನ್ನು ನಡೆಸಲೇಬೇಕು. ಶತ್ರುವಿನ ಕಣ್ಣಿಗೆ ಬೀಳುವ ಅಪಾಯ ಹೆಚ್ಚಾಗುವುದು ಆಗಲೇ. ಒಳಗಿರುವ ನಾವಿಕರ ಪ್ರಾಣವೇ ಇಲ್ಲಿ ಪಣ. ಹೊರಗಿನ ಗಾಳಿಯಿಲ್ಲದೆ ವಿದ್ಯುತ್ತು ದೊರೆತರೆ ಹಡಗು ಬಹುಕಾಲ ಮರೆಯಲ್ಲಿರಬಲ್ಲದು. ಇಂಥ ವ್ಯವಸ್ಥೆಯನ್ನು ರೂಪಿಸುವ ಹೊಣೆಯನ್ನು ಅಂಬರನಾಥದ ವಿಜ್ಞಾನಿಗಳು ಹೊತ್ತರು.

ಜಲಜನಕವೂ ಆಮ್ಲಜನಕವೂ ಸೇರಿ ನೀರಾಗುವಾಗ ಹೊರಡುವ ಶಕ್ತಿಯನ್ನು, ಉರಿಯಿಲ್ಲದೆ, ನೇರವಾಗಿ ವಿದ್ಯುತ್ತಾಗಿ ಪಡೆಯುವ ಸಾಧನವೇ ಇಂಧನ ಕೋಶ. ತತ್ತ್ವ ಸರಳ, ತೊಡಕಿರುವುದು ಜಲಜನಕವನ್ನು ಒಯ್ಯುವುದರಲ್ಲಿ. ಮುಚ್ಚಿದ ಹಡಗಿನಲ್ಲಿ ಅದು ಸೋರಿದರೆ ಸ್ಫೋಟದ ಭಯ. ಜರ್ಮನರು ಅದನ್ನು ವಿಶೇಷ ಲೋಹಗಳಲ್ಲಿ ಹುದುಗಿಸಿ ಒಯ್ಯುತ್ತಾರೆ. ನಮ್ಮವರು ಸೋಡಿಯಂ ಬೋರೋಹೈಡ್ರೈಡ್ ಎಂಬ ರಾಸಾಯನಿಕದಿಂದ ಜಲಜನಕವನ್ನು ಹಡಗಿನಲ್ಲಿಯೇ, ಬೇಕಾದಾಗ ಬೇಕಾದಷ್ಟೇ ಉತ್ಪಾದಿಸುವ ಮಾರ್ಗವನ್ನು ಆರಿಸಿಕೊಂಡರು. ಬೇರೆಯವರು ನಡೆಯದ ದಾರಿಯಾದ್ದರಿಂದ ಪ್ರತಿಯೊಂದು ಹೆಜ್ಜೆಯನ್ನೂ ತಾವೇ ಪರೀಕ್ಷಿಸಬೇಕಾಯಿತು. ಒಂದು ಕೋಶ ಕೆಲಸ ಮಾಡಿತೆಂದ ಮಾತ್ರಕ್ಕೆ ಅನೇಕ ಕೋಶಗಳ ಜೋಡಣೆಯೂ ದಿನಗಟ್ಟಲೆ ಕೆಡದೆ ನಡೆಯುವುದೆಂದು ಹೇಳಲಾಗದು. ಅಲ್ಲದೆ, ಕೆಲವೇ ಹಡಗುಗಳಿಗೆ ಬೇಕಾಗುವ ಬಿಡಿಭಾಗಗಳಿಗಾಗಿ ಹೊಸ ಯಂತ್ರಗಳನ್ನು ಹೂಡಲು ಯಾವ ಕಾರ್ಖಾನೆಯೂ ಸುಲಭವಾಗಿ ಮುಂದೆ ಬರುವುದಿಲ್ಲ.

ಆಮದಿನ ವೇಗವೂ ಒಂದರ್ಥದಲ್ಲಿ ತೋರಿಕೆಯದು. ಜರ್ಮನಿಯು 1988ರ ಸುಮಾರಿಗೇ ಒಂದು ಹಳೆಯ ಜಲಾಂತರ್ಗಾಮಿಯಲ್ಲಿ ಇಂಧನ ಕೋಶವನ್ನು ಪರೀಕ್ಷಿಸಿತು. ಆ ಬಗೆಯ ಹೊಸ ಹಡಗು ಅದರ ನೌಕಾಪಡೆಗೆ ಸೇರಿದ್ದು 2005ರಲ್ಲಿ. ಕೊಳ್ಳುವವನು ಈ ವರ್ಷಗಳನ್ನು ಎಣಿಸುವುದಿಲ್ಲ, ಅವನ ಲೆಕ್ಕ ಒಪ್ಪಂದದ ದಿನದಿಂದ ಆರಂಭವಾಗುತ್ತದೆ. ಆ ಲೆಕ್ಕವಾದರೂ ಸದಾ ಚಿಕ್ಕದಲ್ಲ. ಫ್ರೆಂಚ್ ವಿನ್ಯಾಸದ ಆರು ಜಲಾಂತರ್ಗಾಮಿಗಳನ್ನು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟುವ ಒಪ್ಪಂದ ಆದದ್ದು 2005ರಲ್ಲಿ. ಮೊದಲನೆಯದಾದ ಕಲ್ವರಿ ಸೇವೆಗೆ ಸೇರಿದ್ದು 2017ರ ಡಿಸೆಂಬರಿನಲ್ಲಿ.

ಆದರೆ ಎಲ್ಲ ವಿಳಂಬವನ್ನೂ ವಿಜ್ಞಾನದ ಮೇಲೆ ಹೊರಿಸುವುದು ನ್ಯಾಯವಲ್ಲ. 2021ರ ಮಾರ್ಚ್ 8ರಂದು ಅಂಬರನಾಥದ ವ್ಯವಸ್ಥೆಯ ಮಾದರಿಯು ನೆಲದ ಮೇಲಿನ ಪರೀಕ್ಷೆಯಲ್ಲಿ ಯಶಸ್ವಿಯಾಯಿತು. ಲಾರ್ಸೆನ್ ಅಂಡ್ ಟೂಬ್ರೊ ಮತ್ತು ಥರ್ಮ್ಯಾಕ್ಸ್ ಸಂಸ್ಥೆಗಳು ಇದರಲ್ಲಿ ಕೈಜೋಡಿಸಿದ್ದವು. ಅದೇ ವರ್ಷದ ಜುಲೈನಲ್ಲಿ ಆರು ಹೊಸ ಜಲಾಂತರ್ಗಾಮಿಗಳಿಗೆ ಕರೆದ ಟೆಂಡರು, ಸಮುದ್ರದಲ್ಲಿ ಈಗಾಗಲೇ ಬಳಸಿ ನೋಡಿದ ವ್ಯವಸ್ಥೆಯನ್ನೇ ಬೇಡಿತು. ನಾವಿಕರ ಸುರಕ್ಷತೆಯ ದೃಷ್ಟಿಯಿಂದ ಇದು ತಪ್ಪಲ್ಲ. ಆದರೂ ಸಮುದ್ರಕ್ಕೆ ಇಳಿಯದ ಉಪಕರಣ ಸಮುದ್ರದ ಅನುಭವವನ್ನು ಎಲ್ಲಿಂದ ತಂದೀತು?

ಉಳಿದ ದಾರಿ ಒಂದೇ: ಈಗಾಗಲೇ ಸೇವೆಯಲ್ಲಿರುವ ಹಡಗನ್ನು ದೊಡ್ಡ ದುರಸ್ತಿಗೆ ತಂದಾಗ ಅದರ ಒಡಲನ್ನು ಕತ್ತರಿಸಿ, ಹೊಸ ಭಾಗವೊಂದನ್ನು ನಡುವೆ ಬೆಸೆಯುವುದು. ಮೂಲ ವಿನ್ಯಾಸಕಾರರ ನೆರವಿಲ್ಲದೆ ಇದು ಆಗದ ಕೆಲಸ. ಫ್ರಾನ್ಸಿನ ನೇವಲ್ ಗ್ರೂಪ್‌ನೊಡನೆ 2023ರ ಜನವರಿಯಲ್ಲಿ ಒಪ್ಪಂದವಾಯಿತು. ಆ ಭಾಗವನ್ನು ಕಟ್ಟಿ ಜೋಡಿಸುವ, ಸುಮಾರು 1,990 ಕೋಟಿ ರೂಪಾಯಿಗಳ ಗುತ್ತಿಗೆಗೆ ರಕ್ಷಣಾ ಸಚಿವಾಲಯವೂ ಮಜಗಾಂವ್ ಡಾಕ್ ಸಂಸ್ಥೆಯೂ ಸಹಿ ಹಾಕಿದ್ದು 2024ರ ಡಿಸೆಂಬರ್ 30ರಂದು, ನೆಲದ ಮೇಲಿನ ಪರೀಕ್ಷೆ ಮುಗಿದು ಮೂರು ವರ್ಷ ಒಂಬತ್ತು ತಿಂಗಳು ಕಳೆದ ಮೇಲೆ.