ಬಾಯಿಮಾತಿನ ಬಾಡಿಗೆ ಬೇಡ

"ಓನರ್ ತುಂಬಾ ಒಳ್ಳೆಯವರು, ಅಗ್ರಿಮೆಂಟ್ ಯಾಕೆ?" ಎಂದು ಅಡ್ವಾನ್ಸ್ ಎಣಿಸಿಕೊಡಲು ಹೊರಟವರೇ, ಸ್ವಲ್ಪ ತಾಳಿ. ಒಳ್ಳೆಯತನದ ಪರೀಕ್ಷೆ ಆಗುವುದು ಮನೆ ಖಾಲಿ ಮಾಡುವಾಗ. ಬೆಂಗಳೂರಿನಲ್ಲಿ ಐದಾರು ತಿಂಗಳ, ಕೆಲವೆಡೆ ಹತ್ತು ತಿಂಗಳ ಬಾಡಿಗೆಯನ್ನೇ ಅಡ್ವಾನ್ಸ್ ಕೇಳುವುದುಂಟು. ಅಷ್ಟು ಹಣಕ್ಕೆ ಒಂದು ಚೂರು ಕಾಗದವೂ ಇಲ್ಲದಿದ್ದರೆ, "ಪೇಂಟಿಂಗ್‌ಗೆ ಒಂದು ತಿಂಗಳದ್ದು, ನಲ್ಲಿ ರಿಪೇರಿಗೆ ಇಷ್ಟು" ಎಂದು ಮುರಿದುಕೊಂಡಾಗ ಕೇಳಲು ನಿಮಗೆ ಬಾಯಿ ಇರುವುದಿಲ್ಲ.

ಹಾಗಾಗಿ ಇ-ಸ್ಟ್ಯಾಂಪ್ ಕಾಗದದ ಮೇಲೆ ಕರಾರು ಮಾಡಿಕೊಳ್ಳಿ. ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ನೀರು-ಮೆಂಟೇನೆನ್ಸ್ ಯಾರ ಪಾಲು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎಲ್ಲವನ್ನೂ ಬರೆಸಿ. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು; 11 ತಿಂಗಳ ರೂಢಿ ಬಂದದ್ದು ಅದಕ್ಕೇ. ಅವಧಿ ಮುಗಿದಾಗ ನವೀಕರಿಸಲು ಮರೆಯಬೇಡಿ.

ಸಹಿ ಹಾಕುವ ಮುನ್ನ ಆಸ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್ ನೋಡಿ, ಮನೆ ನಿಜಕ್ಕೂ ಅವರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿ. ಬೀಗದ ಕೈ ಸಿಕ್ಕ ದಿನವೇ ಗೋಡೆಯ ಬಿರುಕು, ಒಡೆದ ಸಿಂಕ್, ಮೀಟರ್ ರೀಡಿಂಗ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ.

ಕಾಗದ ಕೇಳಿದರೆ ಬೇಸರಪಟ್ಟಾರು ಎಂಬ ಸಂಕೋಚ ಬೇಡ. ಅದು ಅವರಿಗೂ ರಕ್ಷಣೆಯೇ. ಬರೆದುಕೊಡಲು ಒಪ್ಪದವರ ಮನೆ ಎಷ್ಟೇ ಚೆನ್ನಾಗಿರಲಿ, ಮುಂದಿನ ಬೀದಿಯ ಟು-ಲೆಟ್ ಬೋರ್ಡ್ ನೋಡುವುದೇ ಲೇಸು.