ಹೈದರಾಬಾದಿಗೆ ಹೊರಟವರಿಗೆ ಮಂಡಕಳ್ಳಿಯೋ, ದೇವನಹಳ್ಳಿಯೋ?

ವಿಮಾನದ ಟಿಕೆಟ್ಟಿನಲ್ಲಿರುವ ಅವಧಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಮಾತ್ರ. ಕೊಳ್ಳೇಗಾಲ, ಹನೂರು, ಯಳಂದೂರಿನವರು ಅಷ್ಟನ್ನೇ ನೋಡಿ ಬೆಂಗಳೂರಿನಿಂದ ಟಿಕೆಟ್ ಮಾಡಿಸಿದರೆ, ಆಕಾಶದಲ್ಲಿ ಉಳಿಸಿದ ಅರ್ಧ ಗಂಟೆಗೆ ನೆಲದ ಮೇಲೆ ಮೂರು ಗಂಟೆ ತೆರಬೇಕಾಗುತ್ತದೆ. ಲೆಕ್ಕವನ್ನು ಮನೆಬಾಗಿಲಿನಿಂದಲೇ ಹಾಕಬೇಕು.

ಮೊದಲು ಆಕಾಶದ ದೂರ ತಿಳಿಯಿರಿ. ಗೂಗಲ್ ಮ್ಯಾಪಿನಲ್ಲಿ ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದು ಅಳೆಯಬಹುದು. ಮೈಸೂರಿನ ಮಂಡಕಳ್ಳಿಯಿಂದ ಚೆನ್ನೈ ಸುಮಾರು 390 ಕಿ.ಮೀ., ಹೈದರಾಬಾದಿನ ಶಂಷಾಬಾದ್ ಸುಮಾರು 585 ಕಿ.ಮೀ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಇಲ್ಲಿಗೆ ಬರುವುದು ರೆಕ್ಕೆಗೆ ಪಂಖ ಕಟ್ಟಿಕೊಂಡ ಎಟಿಆರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ದೂರವನ್ನು 500ರಿಂದ ಭಾಗಿಸಿ, ಏರಿ ಇಳಿಯಲು ಅರ್ಧ ಗಂಟೆ ಸೇರಿಸಿ. ಚೆನ್ನೈಗೆ ಒಂದೂಕಾಲು ಗಂಟೆ, ಹೈದರಾಬಾದಿಗೆ ಒಂದೂಮುಕ್ಕಾಲು ಗಂಟೆ ಹತ್ತಿರ ಬರುತ್ತದೆ. ಬೆಂಗಳೂರಿನ ದೇವನಹಳ್ಳಿಯಿಂದ ಜೆಟ್ ವಿಮಾನಕ್ಕೆ ಹೈದರಾಬಾದ್ ಒಂದೂಕಾಲು ಗಂಟೆಯೊಳಗಿನ ದಾರಿ.

ಈಗ ರಸ್ತೆ. ಕೊಳ್ಳೇಗಾಲದಿಂದ ತಿ. ನರಸೀಪುರದ ಮೇಲೆ ಮಂಡಕಳ್ಳಿಗೆ ಸುಮಾರು 70 ಕಿ.ಮೀ., ಕಾರಿನಲ್ಲಿ ಹೆಚ್ಚೆಂದರೆ ಎರಡು ಗಂಟೆ. ಯಳಂದೂರಿನವರು ಚಾಮರಾಜನಗರ, ನಂಜನಗೂಡಿನ ಮೇಲೆ ಬಂದರೆ ಮೈಸೂರು ಪೇಟೆಗೆ ಕಾಲಿಡುವುದೇ ಬೇಡ. ಹನೂರಿನವರು ಮುಕ್ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಲಿ. ದೇವನಹಳ್ಳಿಗಾದರೆ ಮಳವಳ್ಳಿ, ಕನಕಪುರ ದಾಟಿ, ಇಡೀ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ಹಾಯಬೇಕು. ನಾಲ್ಕೂವರೆ ಗಂಟೆಗೆ ಕಡಿಮೆ ಹಿಡಿಯುವುದು ಜೂಜು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಮಂಡಕಳ್ಳಿಗೆ ಒಂದೂವರೆ ಗಂಟೆ, ದೇವನಹಳ್ಳಿಗೆ ಎರಡು ಗಂಟೆ ಮುಂಚೆ ಹೋದರೂ, ಕೊಳ್ಳೇಗಾಲದಿಂದ ಹೈದರಾಬಾದಿಗೆ ಒಂದು ದಾರಿಯಲ್ಲಿ ಐದು ಗಂಟೆ ಚಿಲ್ಲರೆ, ಇನ್ನೊಂದರಲ್ಲಿ ಎಂಟು ಗಂಟೆ ಹತ್ತಿರ.

ಮೈಸೂರಿನ ಟಿಕೆಟ್ ದುಬಾರಿಯಲ್ಲವೇ ಎನ್ನಬಹುದು. ಕೆಲವು ದಿನ ಹೌದು. ಆದರೆ ದರ ಹೋಲಿಸುವಾಗ ಬೆಂಗಳೂರಿನ ಟಿಕೆಟ್ಟಿಗೆ ಟ್ಯಾಕ್ಸಿ ಬಾಡಿಗೆ ಅಥವಾ ಬಸ್ ಚಾರ್ಜು, ಬೆಳಗಿನ ವಿಮಾನವಾದರೆ ಒಂದು ರಾತ್ರಿಯ ರೂಮಿನ ಖರ್ಚನ್ನೂ ಕೂಡಿಸಬೇಕು. ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಮಂಡಕಳ್ಳಿಯಲ್ಲಿ ವಿಮಾನಗಳು ಕಡಿಮೆ, ಒಂದು ರದ್ದಾದರೆ ಅದೇ ದಿನ ಬದಲಿ ಸಿಗುವುದು ಕಷ್ಟ. 2017ರಲ್ಲಿ ಉಡಾನ್ ಯೋಜನೆಯಡಿ ಚೆನ್ನೈಗೆ ಹಾರಾಟ ಶುರುವಾದ ಮೇಲೂ ಇಲ್ಲಿಂದ ಮಾರ್ಗಗಳು ಬಂದಿವೆ, ನಿಂತಿವೆ. ಆದ್ದರಿಂದ ವೇಳಾಪಟ್ಟಿಯನ್ನು ಟಿಕೆಟ್ ಕೊಳ್ಳುವ ದಿನವೊಮ್ಮೆ, ಹೊರಡುವ ಹಿಂದಿನ ದಿನವೊಮ್ಮೆ ನೋಡಿ. ಪರೀಕ್ಷೆ, ವೀಸಾ ಸಂದರ್ಶನದಂಥ ತಪ್ಪಿಸಲಾಗದ ಕೆಲಸವಿದ್ದರೆ ದೇವನಹಳ್ಳಿಯೇ ಸರಿ. ಚೆನ್ನೈಗಾದರೆ ಮೈಸೂರಿನಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್ಸನ್ನೂ ತೂಗಿ ನೋಡಿ. ಮಲಗಿ ಹೋಗುವವರಿಗೆ ವಿಮಾನದ ಲಾಭ ದೊಡ್ಡದೇನಲ್ಲ.

ಕೊಯಮತ್ತೂರು ವಿಮಾನ ನಿಲ್ದಾಣವೂ ಯಳಂದೂರಿನವರ ಹೆದ್ದಾರಿಯ ತುದಿಯಲ್ಲೇ ಇದೆ. ಆದರೆ ಆ ದಾರಿ ಹಾಯುವ ಸತ್ಯಮಂಗಲದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೆಳಗಿನ ವಿಮಾನ ಹಿಡಿಯುವವರು ಹಿಂದಿನ ಸಂಜೆಯೇ ಅಲ್ಲಿನ ದಿಂಬಂ ಘಾಟಿ ಇಳಿದಿರಬೇಕು.