ಕೊರಳಪಟ್ಟಿ ಮೂಡದ ಗಿಣಿ: ಗಂಡೋ, ಹೆಣ್ಣೋ?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ನಮ್ಮ ಹೊಲದ ಬೇವಿನಮರದ ಪೊಟರೆಯಿಂದ ಗಿಣಿಮರಿಯೊಂದು ಬಿದ್ದಿತ್ತು. ಮನೆಗೆ ತಂದು ಬದುಕಿಸಿದೆವು. ಮಗಳು ‘ರಾಮ’ ಎಂದು ಹೆಸರಿಟ್ಟಿದ್ದಾಳೆ. ವರ್ಷವಾದರೂ ಕೊರಳಿಗೆ ಕೆಂಪು ಪಟ್ಟಿ ಬಂದಿಲ್ಲ. ಮಾತಾಡುತ್ತದೆ, ಹಾಗಾಗಿ ಗಂಡೇ ಎನ್ನುತ್ತಾರೆ ಅತ್ತೆ. ಪಟ್ಟಿ ಇಲ್ಲದ್ದು ಹೆಣ್ಣು ಎನ್ನುತ್ತಾರೆ ಪಕ್ಕದ ಮನೆಯವರು. ಅದಕ್ಕೊಂದು ಜೋಡಿ ತರಬೇಕೆಂದಿದ್ದೇವೆ. ತಿಳಿಯುವುದು ಹೇಗೆ?
– ಓದುಗರೊಬ್ಬರು, ದೇವರ ಹಿಪ್ಪರಗಿ

ಉತ್ತರ: ತಂಗಿ, ಸದ್ಯಕ್ಕೆ ಇಬ್ಬರ ಮಾತೂ ನಿಲ್ಲುವುದಿಲ್ಲ. ಈ ಗಿಣಿಯಲ್ಲಿ ಪಟ್ಟಿ ಮೂಡುವುದು ಗಂಡಿಗೆ ಮಾತ್ರ. ಅದೂ ಒಂದೂವರೆ ವರ್ಷ ದಾಟಿದ ಮೇಲೆ. ಕೆಲವಕ್ಕೆ ಮೂರು ವರ್ಷ ಹಿಡಿಯುತ್ತದೆ. ಗದ್ದದಿಂದ ಹೊರಟ ಕಪ್ಪು ಗೆರೆ ಕೆನ್ನೆ ಬಳಸಿ ಬರುತ್ತದೆ, ಹೆಡಕಿನ ಮೇಲೆ ಗುಲಾಬಿ ಬಣ್ಣ ಕೂಡುತ್ತದೆ. ಅಲ್ಲಿಯವರೆಗೆ ಗಂಡುಮರಿಯೂ ಹೆಣ್ಣಿನಂತೆಯೇ ಕಾಣುತ್ತದೆ. ಮಾತನ್ನು ಎರಡೂ ಕಲಿಯುತ್ತವೆ. ತಲೆಯ ದಪ್ಪ, ಬಾಲದ ಉದ್ದ ನೋಡಿ ಹೇಳುವವರನ್ನು ನಂಬಬೇಡಿ. ಈಗಲೇ ಖಚಿತವಾಗಬೇಕೆಂದರೆ ಗರಿಯ ಬುಡದಿಂದ ಮಾಡುವ ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಆದರೆ ಆ ಪರೀಕ್ಷೆ ಮಾಡಿಸಿ ಎಂದು ನಾನು ಹೇಳಲಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಗಿಣಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಬಿದ್ದ ಮರಿಯನ್ನು ನೀವು ಎತ್ತಿಕೊಂಡಿದ್ದು ಕರುಣೆಯಿಂದ. ಜೋಡಿ ತರುವುದು ಹಾಗಲ್ಲ. ಕದ್ದುಮುಚ್ಚಿ ಮಾರುವ ಮರಿಗಳನ್ನು ಪೊಟರೆಯಿಂದ ಕಿತ್ತು ತಂದಿರುತ್ತಾರೆ. ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ. ಜೋಳ ಸೀತನಿಗೆ ಬಂದಾಗ, ಸೂರ್ಯಪಾನದ ತೆನೆ ಬಲಿತಾಗ ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುವ ಹಕ್ಕಿಯದು. ಅದಕ್ಕೆ ಬೇಕಾದದ್ದು ಆ ಹಿಂಡು. ಪಂಜರದಲ್ಲಿ ಇನ್ನೊಂದು ಕೈದಿಯನ್ನು ಕೂರಿಸಿದರೆ ಅದು ಜೋಡಿ ಎನಿಸುವುದಿಲ್ಲ.

ಹಾಗೆಂದು ನಾಳೆಯೇ ಬಾಗಿಲು ತೆರೆದುಬಿಡಬೇಡಿ. ಕೈತುತ್ತಿಗೆ ಒಗ್ಗಿದ ಹಕ್ಕಿಗೆ ಕಾಳು ಹುಡುಕುವುದಾಗಲಿ, ಬೆಕ್ಕು, ಗಿಡುಗಗಳಿಂದ ತಪ್ಪಿಸಿಕೊಳ್ಳುವುದಾಗಲಿ ಗೊತ್ತಿರುವುದಿಲ್ಲ; ರೆಕ್ಕೆಗೂ ಬಲವಿರುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ ಒಪ್ಪಿಸಿ. ಅವರು ಬರುವವರೆಗೆ ಪಂಜರ ನೆರಳಿನಲ್ಲಿರಲಿ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಒಗ್ಗರಣೆಯ ಅನ್ನ ಬೇಡ. ನೆನೆಸಿದ ಕಡಲೆ, ಜೋಳ, ಪೇರಲ, ಹಸಿಮೆಣಸಿನಕಾಯಿ ಕೊಡಿ, ಸಾಕು.

ಮಗಳಿಗೆ ಹಕ್ಕಿ ಬೇಕೇ ಬೇಕೆಂದರೆ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಗಿಣಿಯನ್ನು ತನ್ನಿ. ಅದರ ನಿಜ ಹೆಸರು ಬಡ್ಜಿ, ತವರು ಆಸ್ಟ್ರೇಲಿಯಾ, ಸಾಕಲು ಅಡ್ಡಿಯಿಲ್ಲ. ಅದರಲ್ಲಿ ಗಂಡುಹೆಣ್ಣು ಗುರುತಿಸುವುದೂ ಸುಲಭ. ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳ ಸುತ್ತಲಿನ ತೊಗಲು ನೋಡಿ: ಬಲಿತ ಗಂಡಿಗೆ ನೀಲಿ, ಹೆಣ್ಣಿಗೆ ಬಿಳಿಚು ಅಥವಾ ಕಂದು. ನಾಲ್ಕು ತಿಂಗಳೊಳಗಿನ ಮರಿಗಳಲ್ಲಿ ಈ ಗುರುತು ನೆಚ್ಚುವಂಥದ್ದಲ್ಲ. ಪೂರ್ತಿ ಹಳದಿ, ಪೂರ್ತಿ ಬಿಳಿ ತಳಿಗಳಲ್ಲಂತೂ ಗಂಡಿನ ತೊಗಲು ಬಲಿತ ಮೇಲೂ ಗುಲಾಬಿ-ನೇರಳೆಯಾಗಿಯೇ ಉಳಿಯುತ್ತದೆ. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡಬಲ್ಲದು; ಸುಣ್ಣದ ಅಂಶ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅದಕ್ಕಾಗಿ ಪಂಜರದಲ್ಲಿ ಸಮುದ್ರದ ನೊರೆಯ (ಕಟಲ್‌ಬೋನ್) ತುಂಡೊಂದನ್ನು ಸದಾ ಕಟ್ಟಿರಿ.

1926ಕ್ಕೆ ಕರೆ ಮಾಡುವಾಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ರಾಮ ಎಲ್ಲಿಗೆ ಹೋಗುತ್ತಿದೆ, ಏಕೆ ಹೋಗುತ್ತಿದೆ ಎಂಬುದು ಅವಳಿಗೆ ಮೊದಲೇ ನಿಮ್ಮ ಬಾಯಿಂದ ತಿಳಿಯಲಿ.